ಐವತ್ತಕ್ಕೆ ಎರಡು ಕಡಿಮೆ

ಬಿ.ಎಡ್. ಸೇರುವವರೇ ಇಲ್ಲವೆಂದು ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಡಿಗ್ರಿ ಕಾಲೇಜುಗಳನ್ನು ಸುತ್ತುತ್ತಿದ್ದರು. ಆ ವಾರದಲ್ಲಿ ಇದು ಆರನೆಯದು.

"ಹಳ್ಳಿ ಶಾಲೆಗಳಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲ. ನಿಮ್ಮಲ್ಲಿ ಯಾರು ಬರ್ತೀರಿ?"

ಒಂದು ಕೈಯೂ ಏಳಲಿಲ್ಲ. ಆಮೇಲೆ ಮುಂದೆ ಕೂತಿದ್ದ ಜೂನಿಯರ್ ಹುಡುಗಿಯರೆಲ್ಲ ತಿರುಗಿ, ಕೊನೆಯ ಬೆಂಚಿನವಳನ್ನು ತೋರಿಸಿದರು. ಒಬ್ಬಳು ಎದ್ದೇ ನಿಂತಳು.

"ಆ ಅಕ್ಕನ್ನ ಕರ್ಕೊಂಡು ಹೋಗ್ರಿ ಸರ್. ಇಲ್ಲಿ ಗಣಿತಕ್ಕ ಲೆಕ್ಚರರ್ ಇಲ್ರಿ. ಎರಡು ವರ್ಷದಿಂದ ನಮಗ ಆಕಿನ ಹೇಳಿಕೊಡ್ತಾಳ. ಒಬ್ಬರೂ ಫೇಲ್ ಆಗಿಲ್ರಿ."

ಪ್ರೊಫೆಸರರ ಮುಖ ಅರಳಿತು. "ಬಾಮ್ಮ. ಟೀಚರ್ ಆಗೋ ಆಸೆ ಇದೆಯಾ?"

"ಭಾಳ ಐತ್ರಿ ಸರ್."

ಅವಳು ಅಂಕಪಟ್ಟಿಗಳನ್ನು ತಂದೇ ಇದ್ದಳು. ಅವರು ಕೂಡಿಸಿದರು. ಮತ್ತೊಮ್ಮೆ ಕೂಡಿಸಿದರು. ಶೇಕಡಾ ನಲವತ್ತೆಂಟು.

"ಐವತ್ತಿಲ್ಲದಿದ್ರೆ ನಿನ್ನ ಅರ್ಜೀನೇ ತಗೊಳ್ಳಲ್ಲಮ್ಮ," ಎಂದು ಕಾಗದಗಳನ್ನು ಹಿಂದಕ್ಕೆ ಕೊಟ್ಟರು. "ಇವರನ್ನೆಲ್ಲ ಪಾಸ್ ಮಾಡಿಸಿದವಳು ನೀನು. ನಿನಗೇ ಯಾಕಿಷ್ಟು ಕಡಿಮೆ?"

ಅವಳು ಅಂಕಪಟ್ಟಿಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಇವ್ರಿಗೆ ನಾ ಇದ್ನಿರಿ ಸರ್. ನನಗ ಯಾರೂ ಇರ್ಲಿಲ್ಲ."