ಹಳೇ ಮೊಳೆಯ ಅಕ್ಷರ

ಹಿರಿಯ ವಿಮರ್ಶಕರು ಕವನವನ್ನು ‘ಬರೀ ಜೊಳ್ಳು’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ ಮೇಲೂ ಕವಿ ಒಂದು ಸಾಲನ್ನೂ ತಿದ್ದಲಿಲ್ಲ. ತಪ್ಪೆಲ್ಲ ಆ ಬಡಕಲು ಕಂಪ್ಯೂಟರ್ ಅಕ್ಷರದ್ದು! ಅಚ್ಚುಮೊಳೆ ಕಾಲದ, ಮೈ ದಪ್ಪ ಬಾಲ ಸಣ್ಣ ಇರುವ ಗಂಭೀರ ಅಕ್ಷರದಲ್ಲಿ ಜೋಡಿಸಲು ಪ್ರೆಸ್ಸಿನಲ್ಲಿ ಹೇಳಿ, ಆಮೇಲೆ ಅಲ್ಲಿನ ಮೇಜಿನ ಮೇಲಿದ್ದ ಹಾಳೆಯನ್ನು ಅವಸರದಲ್ಲಿ ಎತ್ತಿಕೊಂಡು ಮತ್ತೆ ವಿಮರ್ಶಕರ ಮನೆಗೆ ಓಡಿದ.

ಓದುತ್ತಾ ವಿಮರ್ಶಕರ ಕಣ್ಣು ಒದ್ದೆಯಾಯಿತು. “‘ಒಳಗಿನ ಒತ್ತಡಕ್ಕೆ ಬಿರುಕು ಬಿಟ್ಟರೆ ನಾವು ಹೊಣೆಯಲ್ಲ.’ ಆಹಾ, ಏನು ತೂಕವಯ್ಯಾ! ನಿನ್ನ ಸಂಕಲನಕ್ಕೆ ಮುನ್ನುಡಿ ನಾನೇ ಬರೀತೀನಿ.”

ಇಂಥ ಸಾಲು ಬರೆದದ್ದು ಕವಿಗೆ ನೆನಪಿರಲಿಲ್ಲ. ಆದರೂ ವಿನಯದಿಂದ ತಲೆ ಬಾಗಿಸಿದ. ಅಷ್ಟರಲ್ಲಿ ಪ್ರೆಸ್ಸಿನ ಒಡತಿಯ ಫೋನು ಬಂತು.

“ಸಾರ್, ನೀವು ಒಯ್ದದ್ದು ಅಕ್ಷರ ಹೇಗೆ ಕಾಣುತ್ತೆ ಅಂತ ತೋರಿಸೋ ಮಾದರಿ ಹಾಳೆ. ಅದರಲ್ಲಿರೋದು ಕುಕ್ಕರಿನ ಗ್ಯಾರಂಟಿ ಕಾರ್ಡಿನ ಸಾಲು. ನಿಮ್ಮ ಕವನ ಇಲ್ಲೇ ಇದೆ.”

ಕವಿ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: “ಕವನ ಅಲ್ಲೇ ಇರಲಿ ಮೇಡಂ. ಆ ಕಾರ್ಡಿನಲ್ಲಿ ಇನ್ನೆಷ್ಟು ಸಾಲುಗಳಿವೆ, ನೋಡಿ.”