ರಾಕೆಟ್ಟಾದ ಪೈಪು

“ಯಾರನ್ನ ಕೇಳಿ ಕೊಯ್ದ್ರಿ?”

ಸೊಂಟದ ಮೇಲೆ ತುಂಬಿದ ಕೊಡ ಹೊತ್ತಿದ್ದ ಬಸುರಿ ಜಗದಾಂಬ ಅಂಗಳದಲ್ಲೇ ನಿಂತುಬಿಟ್ಟಳು. ಬಾವಿಯ ತೊಟ್ಟಿಯಿಂದ ಅಡುಗೆಮನೆಗೆ ನೀರು ಹರಿಸಲೆಂದು ಗಂಡ ಪಂಚಾಕ್ಷರಪ್ಪನೇ ತಂದಿದ್ದ ಪ್ಲಾಸ್ಟಿಕ್ ಪೈಪು ತುಂಡುತುಂಡಾಗಿ ಬಿದ್ದಿತ್ತು. ಒಂದು ತುಂಡಿಗೆ ರಟ್ಟಿನ ರೆಕ್ಕೆ ಅಂಟಿಸಿ, ಅವನೀಗ ಪಟಾಕಿ ಮದ್ದು ತುಂಬುತ್ತಿದ್ದ.

“ರಷ್ಯಾದೋರು ಚಂದ್ರನ ತನಕ ರಾಕೆಟ್ ಬಿಟ್ಟಾರೆ ಕಣೆ. ನಂದು ತಾಳಗುಂದದ ಕೆರೆ ದಾಟಿದ್ರೆ ಸಾಕು.”

“ಬಾವಿ ನೀರು ಒಲೆ ತನಕ ಬರ್ಲಿಲ್ಲ, ಇದು ಕೆರೆ ದಾಟುತ್ತಾ?” ಜಗದಾಂಬ ಇಡೀ ಕೊಡವನ್ನು ರಾಕೆಟ್ಟಿನ ಮೇಲೆ ಸುರಿದಳು. ಮದ್ದು ಕರಿನೀರಾಗಿ ಹರಿಯಿತು.

“ಹಾಳು ಮಾಡಿದೆಯಲ್ಲೇ!” ಪಂಚಾಕ್ಷರಪ್ಪ ಕೂಗಿದ.

“ಅದು ನಿಮ್ಮ ಪೂಜೆ ನೀರು ಕಣ್ರೀ. ಪೂಜೆ ಇಲ್ದೆ ನೀವು ತುತ್ತು ಮುಟ್ಟೋರಲ್ಲ.” ಖಾಲಿ ಕೊಡವನ್ನು ಅವನ ಸೊಂಟಕ್ಕೆ ಒತ್ತಿದಳು. “ಹೋಗಿ, ಸೇದ್ಕೊಂಡ್ ಬರ್ರಿ.”