ಡೊರೀನಳ ಬೆನ್ನು, ಕಂಪನಿಯ ಬೈಕು

"ನೀವು ಬೈಕ್ ಓಡಿಸ್ತೀರಲ್ವಾ? ಮತ್ತೆ ಬೆನ್ನು ನೋಯದೆ ಇನ್ನೇನು!" ಎನ್ನುತ್ತ ಡಾಕ್ಟರ್ ಹಾವರ್‌ಕ್ಯಾಂಪ್ ಪೆನ್ನಿನ ಮುಚ್ಚಳ ತೆಗೆದರು. ಡೊರೀನ್ ಕುಬಿಯಾಕ್ ಇನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ. ಕೂರಲು ಆಗುತ್ತಿರಲಿಲ್ಲ. ಅದಕ್ಕೇ ಬಂದಿದ್ದಳು.

ವಿಸ್ಕಾನ್ಸಿನ್‌ನ ಆ ಬೈಕ್ ಕಾರ್ಖಾನೆಯಲ್ಲಿ ಡಾಕ್ಟರೂ ಕಂಪನಿಯದೇ ಸರಕು. ಕೋಟು, ಪೆನ್ನು, ಕಸದ ಬುಟ್ಟಿ ಎಲ್ಲದರ ಮೇಲೂ ಕಂಪನಿಯ ರೆಕ್ಕೆ ಗುರುತು. ಮುಂದಿದ್ದ ಅರ್ಜಿಯಲ್ಲಿ ಎರಡು ಚೌಕಗಳಿದ್ದವು: 'ಕೆಲಸದಿಂದ ಆದ ನೋವು', 'ಕೆಲಸದಿಂದ ಆಗದ ನೋವು'. ಮೊದಲನೆಯದಕ್ಕೆ ಗುರುತು ಬಿದ್ದರೆ ಡೊರೀನಳಿಗೆ ಚಿಕಿತ್ಸೆ, ಭಾರ ಎತ್ತದ ಹಗುರ ಕೆಲಸ. ಎರಡನೆಯದಕ್ಕೆ ಬಿದ್ದರೆ ಸೋಮವಾರ ಮತ್ತೆ ಜೋಡಣೆ ಲೈನಿನಲ್ಲಿ ಗೇರ್‌ಬಾಕ್ಸ್ ಎತ್ತಬೇಕು, ಇಲ್ಲವೇ ಮನೆಗೆ ಹೋಗಬೇಕು.

"ಡಾಕ್ಟ್ರೇ, ಲೈನಿನ ಕ್ರೇನು ಕ್ರಿಸ್‌ಮಸ್ಸಿಂದ ಕೆಟ್ಟು ನೇತಾಡ್ತಿದೆ. ಎಂಬತ್ತು ಪೌಂಡಿನ ಗೇರ್‌ಬಾಕ್ಸು, ಪಾಳಿಗೆ ಅರವತ್ತು, ಕೈಯಲ್ಲೇ ಎತ್ತಿಡ್ತಿದೀವಿ. ನೋವು ಶುರುವಾಗಿದ್ದು ಫೆಬ್ರವರೀಲಿ. ಆಗ ಹಿಮ ಬಿದ್ದು ನನ್ನ ಬೈಕು ಶೆಡ್ಡಲ್ಲಿ ಹಳೇ ಬೆಡ್‌ಶೀಟ್ ಹೊದ್ಕೊಂಡು ಮಲಗಿತ್ತು. ಬ್ಯಾಟರಿ ಕೂಡ ಬಿಚ್ಚಿಟ್ಟಿದ್ದೆ."

"ಅದು ಹಾಗೇ ಕಣಮ್ಮ. ಬೇಸಿಗೇಲಿ ಓಡಿಸಿದ್ದು ಒಳಗೇ ಕೂತಿರುತ್ತೆ, ಚಳಿಗಾಲದಲ್ಲಿ ಹೊರಗೆ ಬರುತ್ತೆ."

"ಓ! ನಮ್ಮಜ್ಜಿ ಸೌತೆಕಾಯಿ ಉಪ್ಪಿನಕಾಯಿ ಹಾಕ್ತಿದ್ದ ಹಾಗೆ."

ಮೂಲೆಯಲ್ಲಿದ್ದ ನರ್ಸ್ ಓಪಲ್‌ಗೆ ಕೆಮ್ಮು ಬಂತು. ಡಾಕ್ಟರು ಕೇಳಿಸದವರಂತೆ ಡ್ರಾಯರ್ ಎಳೆದು ಒಂದು ಪುಸ್ತಿಕೆ ಕೊಟ್ಟರು. 'ಸವಾರರೇ, ಬೆನ್ನು ಜೋಪಾನ!' ಹಿಂದಿನ ಜೇಬಿನಲ್ಲಿ ದಪ್ಪ ಪರ್ಸು ಇಟ್ಟುಕೊಂಡು ಕೂರಬೇಡಿ. ಮುಂದಕ್ಕೆ ಬಾಗಬೇಕಾಗದಂತೆ ಹ್ಯಾಂಡಲ್ ಎತ್ತರಿಸಿಕೊಳ್ಳಿ. ಮೂರನೇ ಪುಟದಲ್ಲಿ ದಪ್ಪಕ್ಷರ: ಐವತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ, ಹತ್ತು ನಿಮಿಷ ಅಡ್ಡಾಡಿ.

ಇದ್ಯಾವುದೂ ಡೊರೀನಳಿಗೆ ಹೊಸದಲ್ಲ. ಸೊಂಟಕ್ಕೆ ಅಗಲ ಪಟ್ಟಿ ಬಿಗಿದು ಹತ್ತೊಂಬತ್ತು ವರ್ಷ ಓಡಿಸಿದವಳು ಅವಳು. ಬೈಕಿನ ಮೇಲೆ ನೋವಾದರೆ ನಿಲ್ಲಿಸಿ ಇಳಿಯಬಹುದು. ಲೈನಿನಲ್ಲಿ ಉಚ್ಚೆಗೆ ಹೋಗಬೇಕಾದರೂ ಕೈ ಎತ್ತಬೇಕು. ಅಷ್ಟಕ್ಕೂ ಆ ಬೈಕು ಅವಳ ಶೋಕಿಯೇನೂ ಆಗಿರಲಿಲ್ಲ. ಗೇಟಿನ ಮುಂದಿನ ಜಾಗ ಕಂಪನಿಯ ಬೈಕುಗಳಿಗೆ ಮಾತ್ರ ಮೀಸಲು. ಉಳಿದವರು ಆಚೆಯ ಜಲ್ಲಿ ಬಯಲಿನಲ್ಲಿ ನಿಲ್ಲಿಸಿ ಏಳುನೂರು ಹೆಜ್ಜೆ ನಡೆಯಬೇಕು. ಕೆಲಸಕ್ಕೆ ಸೇರಿದ ವಾರ ಅವಳು ಜಪಾನಿನ ಬೈಕಿನಲ್ಲಿ ಬಂದಿದ್ದಳು. ಸಂಜೆ ನೋಡಿದರೆ ಸೀಟಿನ ತುಂಬ ಯಾರೋ ಬಳಿದ ಗ್ರೀಸು. ತಿಂಗಳೊಳಗೆ ಅವಳೂ ಕಂಪನಿಯ ಬೈಕು ಕೊಂಡು ತಂದಳು. ಲೈನಿನ ನೂರಾ ಹನ್ನೆರಡು ಜನವೂ ಹಾಗೆ ತಂದವರೇ. ಕಂಪನಿ ಇದನ್ನು ಅಭಿಮಾನ ಎನ್ನುತ್ತಿತ್ತು.

"ಸರಿ ಡಾಕ್ಟ್ರೇ, ಬೈಕಿಂದಲೇ ಆಯ್ತು ಅಂತ ಬರೀರಿ. ಆದ್ರೆ ಯಾವ ಕಂಪನಿ ಬೈಕು ಅಂತಲೂ ಬರೀರಿ."

ಪೆನ್ನು ನಿಂತಿತು. ಡಾಕ್ಟರ ತಲೆಯ ಹಿಂದೆಯೇ ಕಂಪನಿಯ ಪೋಸ್ಟರ್: 'ಸಾವಿರ ಮೈಲಿ ಹೋಗಿ, ಬೆನ್ನಿಗೆ ಗೊತ್ತೇ ಆಗದು!'

"ಪೋಸ್ಟರ್ ಇಳಿಸ್ಲಾ ಡಾಕ್ಟ್ರೇ?" ಎಂದಳು ಓಪಲ್.

"ನೀನು ಸ್ವಲ್ಪ ಸುಮ್ನಿರ್ತೀಯಾ?" ಡಾಕ್ಟರು ಎರಡನೇ ಚೌಕಕ್ಕೆ ಗುರುತು ಹಾಕಿ, ಕಾರಣದ ಜಾಗದಲ್ಲಿ 'ಸವಾರಿ' ಎಂದಷ್ಟೇ ಗೀಚಿದರು.

ಡೊರೀನ್ ಜಗಳಕ್ಕೆ ನಿಲ್ಲಲಿಲ್ಲ. ಪುಸ್ತಿಕೆಯ ಮೂರನೇ ಪುಟ ತೆರೆದು ಮುಂದಿಟ್ಟಳು. "ಇದನ್ನ ನಾನೊಬ್ಳೇ ಮಾಡ್ಬೇಕಾ, ಬೈಕ್ ಓಡಿಸೋರೆಲ್ಲ ಮಾಡ್ಬೇಕಾ?"

"ಎಲ್ರೂ ಮಾಡ್ಬೇಕು! ನೋವು ಬರೋಕೆ ಮುಂಚೇನೇ ಮಾಡ್ಬೇಕು."

"ಹಾಗಂತ ಬರೆದು ಕೊಡಿ. ನಮ್ಮೋರು ನನ್ನ ಮಾತು ಎಲ್ಲಿ ಕೇಳ್ತಾರೆ."

ಬೈಕಿನ ಹೆಸರು ಬರೆಯುವುದು ತಪ್ಪಿತಲ್ಲ, ಡಾಕ್ಟರು ಧಾರಾಳಿಯಾದರು. 'ಬೈಕ್ ಓಡಿಸುವ ಎಲ್ಲ ಕಾರ್ಮಿಕರೂ ತಪ್ಪದೆ ಪಾಲಿಸತಕ್ಕದ್ದು' ಎಂದು ಅದೇ ಪುಟದ ಮೇಲೆ ಬರೆದು, ಸಹಿ ಹಾಕಿ, ರೆಕ್ಕೆಯ ಸೀಲನ್ನೂ ಒತ್ತಿದರು.

ಸೋಮವಾರ ಪಾಳಿ ಶುರುವಾಗಿ ಸರಿಯಾಗಿ ಐವತ್ತು ನಿಮಿಷಕ್ಕೆ ಡೊರೀನ್ ಗೇರ್‌ಬಾಕ್ಸನ್ನು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. ಪಕ್ಕದವನು ಇಟ್ಟ. ಅವನಾಚೆಯವಳು ಇಟ್ಟಳು. ಲೈನ್ ನಿಂತಿತು. ನೂರಾ ಹನ್ನೆರಡು ಜನ ಸೂರು ನೋಡುತ್ತ ಹಿಂದಕ್ಕೆ ಬಾಗಿದ್ದರು.

ಮೇಲ್ವಿಚಾರಕ ಸ್ಟೌಫರ್ ಓಡಿ ಬಂದ. "ಏನ್ರೀ ಇದು, ಮುಷ್ಕರಾನಾ?"

"ಛೆ, ಎಂಥ ಮಾತು ಸಾರ್! ಔಷಧಿ." ಡೊರೀನ್ ಕ್ರೇನಿನ ಕಡೆ ಕೈ ತೋರಿಸಿದಳು. 'ದುರಸ್ತಿಯಲ್ಲಿದೆ' ಎಂಬ ಹಳದಿ ಚೀಟಿಯ ಕೆಳಗೆ, ಕೊಕ್ಕೆಗೆ ಸಿಕ್ಕಿಸಿದ ಪುಸ್ತಿಕೆ. "ನಿಮ್ಮ ಡಾಕ್ಟರೇ ಸೀಲು ಒತ್ತಿದಾರೆ. ಇನ್ನು ಐವತ್ತು ನಿಮಿಷ ಬಿಟ್ಟು ಎರಡನೇ ಡೋಸು."

ನಾಲ್ಕು ತಿಂಗಳಿಂದ ಸಿಗದಿದ್ದ ಕ್ರೇನ್ ರಿಪೇರಿಯವನು ಮೂರನೇ ಡೋಸಿನ ಹೊತ್ತಿಗೆ ಸಿಕ್ಕಿದ. ಬೈಕಿನ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಬಂದ. ಕೊಕ್ಕೆಯ ಹತ್ತಿರ ನಿಂತು ಮೂರನೇ ಪುಟ ಪೂರ್ತಿ ಓದಿದ. ಸ್ಟೌಫರ್ ನೋಡುತ್ತಿದ್ದಂತೆ, ಸಾಮಾನಿನ ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟ.